ಲೇಫ್ ಊವೆ ಆನ್ಸ್‌ನೆಸ್: ಅವಸರ ಮಾಡದ ಪಿಯಾನೋ ವಾದಕ. ಕೇಳಿದವರು ಬನ್ನಿ, ಮಾತಾಡೋಣ

ಕೇಳುಕಿವಿ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮಾತು ಬಂದಾಗಲೆಲ್ಲ ಬರೆದವರ ಹೆಸರೇ ಜಾಸ್ತಿ. ಮೊಜಾರ್ಟ್, ಬೀಥೋವನ್, ಶೋಪಾನ್. ಅದನ್ನು ಇವತ್ತು ನುಡಿಸುತ್ತಿರುವವರ ಬಗ್ಗೆ ಮಾತು ಕಡಿಮೆ. ನಾನು ಹದಿನೈದು ವರ್ಷದಿಂದ ಬಿಡದೆ ಕೇಳುತ್ತಿರುವ ಒಬ್ಬರಿದ್ದಾರೆ, ನಾರ್ವೆಯ ಲೇಫ್ ಊವೆ ಆನ್ಸ್‌ನೆಸ್. ಕನ್ನಡದಲ್ಲಿ ಇವರ ಬಗ್ಗೆ ಎಷ್ಟು ಹುಡುಕಿದರೂ ನನಗೆ ಏನೂ ಸಿಗಲಿಲ್ಲ. ಅದಕ್ಕೆ ನಾನೇ ಶುರು ಮಾಡುತ್ತಿದ್ದೇನೆ.

ಹುಟ್ಟಿದ್ದು 1970ರ ಏಪ್ರಿಲ್ 7ರಂದು, ನಾರ್ವೆಯ ಪಶ್ಚಿಮ ಕರಾವಳಿಯ ಕಾರ್ಮೋಯ್ ದ್ವೀಪದಲ್ಲಿ. ಅಪ್ಪ ಅಮ್ಮ ಇಬ್ಬರೂ ಸಂಗೀತದ ಮೇಷ್ಟ್ರು. ತೀರಾ ಚಿಕ್ಕವರಿದ್ದಾಗಲೇ ಮನೆಯಲ್ಲಿ ಪಿಯಾನೋ ಮುಂದೆ ಕೂತರು. ಹದಿನಾರನೇ ವಯಸ್ಸಿಗೆ, 1986ರಲ್ಲಿ, ಬೆರ್ಗೆನ್ ನಗರದ ಸಂಗೀತ ಕಾಲೇಜಿಗೆ ಸೇರಿದರು. ಅಲ್ಲಿ ಸಿಕ್ಕ ಗುರು ಯಿರ್ಜಿ ಹ್ಲಿಂಕಾ. ಇವರು ಚೆಕ್ ದೇಶದವರು, ನಾರ್ವೆಗೆ ಬಂದು ನೆಲೆಸಿದವರು. ಆನ್ಸ್‌ನೆಸ್ ಇವತ್ತಿಗೂ ಯಾನಾಚೆಕ್, ದ್ವೋರ್ಜಾಕ್ ಅಂತ ಚೆಕ್ ಸಂಗೀತದ ಕಡೆ ವಾಲುವುದಕ್ಕೆ ಈ ಗುರುವೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ.

ಮುಂದಿನ ವರ್ಷವೇ ಓಸ್ಲೋದಲ್ಲಿ ಮೊದಲ ದೊಡ್ಡ ಕಚೇರಿ. 1989ರಲ್ಲಿ ನ್ಯೂಯಾರ್ಕ್. ಅದೇ ವರ್ಷ ಎಡಿನ್‌ಬರಾ ಉತ್ಸವದಲ್ಲಿ ಓಸ್ಲೋ ಫಿಲ್ಹಾರ್ಮೋನಿಕ್ ಅನ್ನುವ ಆರ್ಕೆಸ್ಟ್ರಾ ಜೊತೆ, ಮಾರಿಸ್ ಯಾನ್ಸನ್ಸ್ ಅವರ ನಿರ್ದೇಶನದಲ್ಲಿ. ಇಷ್ಟೆಲ್ಲ ಆದಾಗ ವಯಸ್ಸು ಇನ್ನೂ ಹತ್ತೊಂಬತ್ತು.

ನನ್ನನ್ನು ಹಿಡಿದದ್ದು ಈ ಓಟ ಅಲ್ಲ, ಆಮೇಲಿನ ಬದುಕು. ಈ ಮನುಷ್ಯ ಯಾವುದನ್ನು ಹಿಡಿದರೂ ಬೇಗ ಬಿಡುವುದಿಲ್ಲ. ಬೀಥೋವನ್ ಹಿಡಿದರೆ ನಾಲ್ಕು ವರ್ಷ, ಮೊಜಾರ್ಟ್‌ನ ಬರೀ ಎರಡು ವರ್ಷದ ಕೆಲಸ ಹಿಡಿದರೆ ಅದಕ್ಕೂ ವರ್ಷಗಟ್ಟಲೆ, ಒಂದು ಪುಟ್ಟ ಊರಿನ ಸಂಗೀತ ಉತ್ಸವ ಹಿಡಿದರೆ ಸುಮಾರು ಎರಡು ದಶಕ. ಇಷ್ಟು ಹೆಸರು ಬಂದ ಮೇಲೂ ನೆಲೆ ನಿಂತಿದ್ದು ಓದಿದ ಊರು ಬೆರ್ಗೆನ್‌ನಲ್ಲೇ. ಅವರ ವಾದನದಲ್ಲೂ ಈ ಗುಣ ಕೇಳಿಸುತ್ತದೆ ಅನ್ನುವುದು ನನ್ನ ಮಾತು. ನಿಮ್ಮ ಅನುಭವ ಹೇಳಿ, ಒಪ್ಪದವರು ಅದನ್ನೂ ಹೇಳಿ.

ಹೊಸಬ24:
ಸರ್, ನಾನು ಈ ಸಂಗೀತಕ್ಕೆ ಪೂರ್ತಿ ಹೊಸಬ. ಮನೆಯಲ್ಲಿ ಯಾರೂ ಕೇಳುವವರಿಲ್ಲ, ಕಲಿತಿಲ್ಲ. ರಾತ್ರಿ ಪಾಳಿ ಕೆಲಸ. ಬೆಳಗಿನ ಜಾವ ಸುಮ್ನೆ ಪಿಯಾನೋ ಹಾಕಿಕೊಂಡು ಕೂರುತ್ತೇನೆ, ಯಾರದ್ದು ಏನು ಅಂತ ಗೊತ್ತಿರುವುದಿಲ್ಲ. ಇವರದ್ದು ಕೇಳಬೇಕು ಅಂದರೆ ಎಲ್ಲಿಂದ ಶುರು ಮಾಡಲಿ? ಮತ್ತೆ ಈ ಕನ್ಸರ್ಟೊ ಅಂದರೆ ಏನು ಅಂತ ಯಾರಾದರೂ ಬಿಡಿಸಿ ಹೇಳಿ.

ಕೇಳುಕಿವಿ:
ಬನ್ನಿ ಬನ್ನಿ. ಒಂದು ವಾದ್ಯ ಮುಂದೆ, ಇಡೀ ಆರ್ಕೆಸ್ಟ್ರಾ ಹಿಂದೆ. ಇಬ್ಬರೂ ಮಾತಾಡುತ್ತಾ, ಕೆಲವು ಸಲ ಜಗಳ ಆಡುತ್ತಾ ಹೋಗುವ ರಚನೆ ಕನ್ಸರ್ಟೊ. ಸಾಮಾನ್ಯವಾಗಿ ಮೂರು ಭಾಗ ಇರುತ್ತದೆ: ಬಿರುಸಾದದ್ದು, ನಿಧಾನದ್ದು, ಮತ್ತೆ ಬಿರುಸಾದದ್ದು.

ಗ್ರೀಗ್ ಬರೆದ ಪಿಯಾನೋ ಕನ್ಸರ್ಟೊದಿಂದ ಶುರು ಮಾಡಿ. ಎಡ್ವರ್ಡ್ ಗ್ರೀಗ್ ಕೂಡ ಬೆರ್ಗೆನ್ ಊರಿನವನೇ, ಇದನ್ನು 1868ರಲ್ಲಿ ಬರೆದಾಗ ಅವನಿಗೆ ಬರೀ ಇಪ್ಪತ್ತನಾಲ್ಕು ಇಪ್ಪತ್ತೈದು ವರ್ಷ. ಮೊದಲು ಟಿಂಪನಿ ಡ್ರಮ್ ಗುಡುಗಿನ ಹಾಗೆ ಏರಿ ಬರುತ್ತದೆ. ತಕ್ಷಣ ಪಿಯಾನೋ ಮೇಲಿನಿಂದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಧುಮುಕುತ್ತದೆ. ಆ ಹತ್ತು ಸೆಕೆಂಡ್ ನೀವು ಎಲ್ಲೋ ಕೇಳಿಯೇ ಇರುತ್ತೀರಿ.

ಆನ್ಸ್‌ನೆಸ್ ಇದನ್ನು ಎರಡು ಸಲ ರೆಕಾರ್ಡ್ ಮಾಡಿದ್ದಾರೆ. ಮೊದಲನೆಯದು 1990ರಲ್ಲಿ, ಬೆರ್ಗೆನ್ ಫಿಲ್ಹಾರ್ಮೋನಿಕ್ ಜೊತೆ, ದ್ಮಿತ್ರಿ ಕಿತಾಯೆಂಕೊ ನಿರ್ದೇಶನ. ಎರಡನೆಯದು 2002ರಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ಜೊತೆ, ನಿರ್ದೇಶನ ಅದೇ ಯಾನ್ಸನ್ಸ್. ಎರಡನ್ನೂ ಒಂದೇ ದಿನ ಕೇಳಿ. ಇಪ್ಪತ್ತರ ಹುಡುಗ ಆ ಧುಮುಕುವ ಜಾಗವನ್ನು ಖುಷಿಯಿಂದ, ಸ್ವಲ್ಪ ಹುರುಪಿನಲ್ಲಿ ಬಾರಿಸುತ್ತಾನೆ. ಹನ್ನೆರಡು ವರ್ಷ ಆದ ಮೇಲೆ ಅದೇ ಜಾಗದಲ್ಲಿ ಪ್ರತಿ ಮೆಟ್ಟಿಲಿಗೂ ತೂಕ ಬಂದಿದೆ, ಆದರೆ ಎಲ್ಲೂ ಭಾರ ಆಗಿಲ್ಲ. ನಿಧಾನದ ಭಾಗದಲ್ಲಿ ತಂತಿ ವಾದ್ಯಗಳು ಮುಗಿಸಿ, ಪಿಯಾನೋ ಮೊದಲ ಸಲ ಒಳಗೆ ಬರುತ್ತದೆ ನೋಡಿ, ಅಲ್ಲಿ ಉಸಿರು ಹಿಡಿದು ಕೇಳಿ.

ಬೆರ್ಗೆನ್ ಮಳೆ:
ಕೆಲಸದ ಮೇಲೆ ಬಂದು ಬೆರ್ಗೆನ್‌ನಲ್ಲೇ ಇರುವ ಕನ್ನಡದವಳು ನಾನು. ಈ ಚರ್ಚೆ ನೋಡಿ ಎಷ್ಟು ಖುಷಿಯಾಯಿತು ಅಂದರೆ ಮಾಡುತ್ತಿದ್ದ ಅಡುಗೆ ಬಿಟ್ಟು ಬರೆಯುತ್ತಿದ್ದೇನೆ. ಕೇಳುಕಿವಿ ಅವರ ಮಾತಿಗೆ ಒಂದು ಚಿಕ್ಕ ಸೇರ್ಪಡೆ: ನಡುವೆ ಅವರಿಗೆ ಕೋಪನ್‌ಹೇಗನ್‌ನಲ್ಲೂ ಮನೆ ಇತ್ತು, ಊರೇ ಬಿಡಲಿಲ್ಲ ಅನ್ನುವ ಹಾಗಿಲ್ಲ. ಆದರೆ ಈಗ ಸಂಸಾರ ಸಮೇತ ಇರುವುದು ಇಲ್ಲೇ, ಅದು ನಿಜ.

ಗ್ರೀಗ್ ಮನೆ ಟ್ರೋಲ್ಡ್‌ಹೌಗನ್‌ಗೆ ನಾನು ಮೂರು ಸಲ ಹೋಗಿದ್ದೇನೆ. ಊರ ನಡುವಿನಿಂದ ಟ್ರಾಮ್ ಹತ್ತಿ ಹೋಪ್ ಅನ್ನುವ ನಿಲ್ದಾಣದಲ್ಲಿ ಇಳಿದು ಇಪ್ಪತ್ತು ಇಪ್ಪತ್ತೈದು ನಿಮಿಷ ನಡೆಯಬೇಕು. ಛತ್ರಿ ಬೇಕೇ ಬೇಕು, ಈ ಊರಿನಲ್ಲಿ ವರ್ಷಕ್ಕೆ ಇನ್ನೂರು ದಿನಕ್ಕೂ ಜಾಸ್ತಿ ಮಳೆ. ಗ್ರೀಗ್ 1885ರಲ್ಲಿ ಕಟ್ಟಿಸಿದ ಮರದ ಮನೆ. ಕೆಳಗೆ ನೀರಿನ ಪಕ್ಕ ಒಂದು ಪುಟ್ಟ ಗುಡಿಸಲು, ಅವನು ಕೂತು ಬರೆಯುತ್ತಿದ್ದ ಜಾಗ. ಒಳಗೆ ಒಂದು ಮೇಜು, ಒಂದು ಪಿಯಾನೋ, ಕಿಟಕಿ. ಗ್ರೀಗ್ ತುಂಬಾ ಕುಳ್ಳ, ಐದು ಅಡಿ ಅಷ್ಟೇ. ಪಿಯಾನೋ ಎತ್ತರಕ್ಕೆ ಸರಿಯಾಗಲಿ ಅಂತ ಬೀಥೋವನ್ ಸೊನಾಟಾಗಳ (ಪಿಯಾನೋ ಒಂದಕ್ಕೇ ಬರೆದ ದೊಡ್ಡ ರಚನೆಗಳು) ದಪ್ಪ ಪುಸ್ತಕ ಹಾಕಿಕೊಂಡು ಕೂರುತ್ತಿದ್ದನಂತೆ. ಇದನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ.

ಮನೆಯ ಹಾಲ್‌ನಲ್ಲಿ ಒಂದು ಸ್ಟೈನ್‌ವೇ ಪಿಯಾನೋ ಇದೆ. 1892ರಲ್ಲಿ ಗ್ರೀಗ್ ಮತ್ತು ಅವನ ಹೆಂಡತಿ ನೀನಾ ಮದುವೆಯಾಗಿ ಇಪ್ಪತ್ತೈದು ವರ್ಷ ಆದಾಗ ಉಡುಗೊರೆಯಾಗಿ ಬಂದದ್ದು. ಆನ್ಸ್‌ನೆಸ್ ಗ್ರೀಗ್‌ನ ಲಿರಿಕ್ ಪೀಸಸ್ ಅನ್ನುವ ಚಿಕ್ಕ ಚಿಕ್ಕ ಪಿಯಾನೋ ರಚನೆಗಳನ್ನು ರೆಕಾರ್ಡ್ ಮಾಡಿದ್ದು ಇದೇ ವಾದ್ಯದ ಮೇಲೆ, ಅದೇ ಮನೆಯಲ್ಲಿ. ಸಿ.ಡಿ. ಬಂದದ್ದು 2002ರಲ್ಲಿ. ಇವತ್ತಿನ ದೊಡ್ಡ ಪಿಯಾನೋಗಳ ಹೊಳಪು ಅದಕ್ಕಿಲ್ಲ. ದನಿ ಸ್ವಲ್ಪ ಮರದ ಹಾಗೆ, ಬೆಚ್ಚಗೆ, ಕೆಳಗಿನ ಸ್ವರಗಳಲ್ಲಿ ಸ್ವಲ್ಪ ಗರಗರ. ಆ ಹಾಲ್ ಎಷ್ಟು ಚಿಕ್ಕದು ಅಂತ ಕಣ್ಣಾರೆ ನೋಡಿದ ಮೇಲೆ ಆ ರೆಕಾರ್ಡಿಂಗ್ ನನಗೆ ಬೇರೆಯೇ ಆಗಿ ಕೇಳಿಸಿತು. ಯಾರೋ ಪಕ್ಕದ ಕೋಣೆಯಲ್ಲಿ ತಮ್ಮಷ್ಟಕ್ಕೆ ತಾವು ನುಡಿಸುತ್ತಿದ್ದಾರೆ, ನಾವು ಬಾಗಿಲ ಹತ್ತಿರ ನಿಂತಿದ್ದೇವೆ ಅನ್ನುವ ಹಾಗೆ.

ಇನ್ನೊಂದು ವಿಷಯ. 2007ಕ್ಕೆ ಗ್ರೀಗ್ ತೀರಿಹೋಗಿ ನೂರು ವರ್ಷ. ಆಗ ತೆಗೆದ ಸಾಕ್ಷ್ಯಚಿತ್ರಕ್ಕಾಗಿ ಇಲ್ಲಿನ ಬೆಟ್ಟದ ಮೇಲಕ್ಕೆ ಹೆಲಿಕಾಪ್ಟರ್‌ನಲ್ಲಿ ಪಿಯಾನೋ ಎತ್ತಿಕೊಂಡು ಹೋಗಿ ಆನ್ಸ್‌ನೆಸ್ ಅಲ್ಲಿ ನುಡಿಸಿದ್ದಾರೆ. ಆ ವರ್ಷ ಅವರು ಮುಂದೆ ತಂದದ್ದು ಬಲಾಡ್ ಅನ್ನುವ ರಚನೆ. 1875ರಲ್ಲಿ ಗ್ರೀಗ್ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ, ಆ ಹೊತ್ತಿನಲ್ಲಿ ಒಂದು ನಾರ್ವೆ ಜನಪದ ಧಾಟಿಯನ್ನು ಹಿಡಿದು ಬರೆದದ್ದು. ಸಾರ್ವಜನಿಕವಾಗಿ ಅವನೇ ಅದನ್ನು ಎಂದೂ ನುಡಿಸಲಿಲ್ಲ. ಅಷ್ಟು ನೋವಿನದು.

ನೇರಮಾತು:
ಎಲ್ಲರೂ ಹೊಗಳುತ್ತಿದ್ದೀರಿ, ನಾನು ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆನ್ಸ್‌ನೆಸ್ ನುಡಿಸಿದ್ದರಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ. ಆದರೆ ನನಗೆ ಮೈ ಬಿಸಿಯಾಗುವುದಿಲ್ಲ. ಬೇರೆ ಪಿಯಾನೋ ವಾದಕರನ್ನು ನೋಡಿ. ಮಾರ್ತಾ ಆರ್ಗೆರಿಚ್ ಕೇಳಿದರೆ ಮುಂದಿನ ಕ್ಷಣ ಏನಾಗುತ್ತದೋ ಅನ್ನುವ ಭಯ ಇರುತ್ತದೆ. ರಿಕ್ಟರ್ ಕೇಳಿದರೆ ಬಂಡೆ ಉರುಳಿದ ಹಾಗೆ. ಇವರು ಎಲ್ಲವನ್ನೂ ತೂಗಿ ಅಳೆದು ಇಡುತ್ತಾರೆ. ಅವರ ಶೋಪಾನ್ ಬಲಾಡ್‌ಗಳನ್ನು, 2018ರ ರೆಕಾರ್ಡಿಂಗ್, ಎರಡು ಸಲ ಕೇಳಿದೆ. ಚೆನ್ನಾಗಿದೆ ಅನಿಸಿತು, ಆಮೇಲೆ ಮರೆತುಹೋಯಿತು. ನನಗೆ ಸಂಗೀತ ಮರೆಯಬಾರದು.

ಕೇಳುಕಿವಿ:
ಬೇಜಾರು ಯಾಕೆ, ಇದೇ ಬೇಕಿತ್ತು. ಈ ದೂರು ಹಳೆಯದು. ಉತ್ತರ ಯೂರೋಪಿನ ಜನ ಅಂದರೆ ತಣ್ಣಗೆ ಅಂತ ಬರೆಯುವವರು ಮೊದಲಿಂದ ಇದ್ದಾರೆ. ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ. ನನ್ನ ಮನಸ್ಸು ಬದಲಾದ ಜಾಗ ಯಾವುದು ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಬೀಥೋವನ್‌ನ ನಾಲ್ಕನೇ ಪಿಯಾನೋ ಕನ್ಸರ್ಟೊ, ಎರಡನೇ ಭಾಗ. ಬರೀ ಐದು ನಿಮಿಷದ್ದು. ತಂತಿ ವಾದ್ಯಗಳೆಲ್ಲ ಒಂದೇ ದನಿಯಲ್ಲಿ, ಗಟ್ಟಿಯಾಗಿ, ತುಂಡು ತುಂಡಾಗಿ ಗದರುತ್ತವೆ. ಪಿಯಾನೋ ಮೆತ್ತಗೆ, ಉದ್ದಕ್ಕೆ, ಹಾಡಿನ ಹಾಗೆ ಉತ್ತರ ಕೊಡುತ್ತದೆ. ಬೀಥೋವನ್ ಇಲ್ಲಿ ಎಡಗಾಲಿನ ಪೆಡಲ್ ಒತ್ತಿ ಅಂತಲೇ ಬರೆದಿದ್ದಾನೆ. ಅದನ್ನು ಒತ್ತಿದರೆ ಒಳಗಿನ ಸುತ್ತಿಗೆಗಳು ಪಕ್ಕಕ್ಕೆ ಸರಿಯುತ್ತವೆ, ದನಿ ಮುಸುಕು ಹೊದ್ದ ಹಾಗಾಗುತ್ತದೆ. ಮತ್ತೆ ಗದರಿಕೆ, ಮತ್ತೆ ಅದೇ ಮೆತ್ತನೆ ಉತ್ತರ. ಹೀಗೆ ಹೋಗುತ್ತಾ ಹೋಗುತ್ತಾ ಗದರುವವರ ದನಿಯೇ ಕುಗ್ಗುತ್ತದೆ. ಸುಮಾರು ಜನ ಈ ಪಿಯಾನೋ ಉತ್ತರವನ್ನು ಅಳುವ ಹಾಗೆ, ಬೇಡಿಕೊಳ್ಳುವ ಹಾಗೆ ನುಡಿಸುತ್ತಾರೆ. ಆನ್ಸ್‌ನೆಸ್ ಬೇಡಿಕೊಳ್ಳುವುದಿಲ್ಲ. ದನಿ ಏರಿಸದೆ, ಜಾಗ ಬಿಡದೆ, ಹೇಳಿದ್ದನ್ನೇ ಇನ್ನೊಂದು ಸಲ ಹೇಳುತ್ತಾರೆ ಅಷ್ಟೇ. ಕೊನೆಗೆ ಆರ್ಕೆಸ್ಟ್ರಾ ಸುಮ್ಮನಾದಾಗ ಪಿಯಾನೋ ಒಂದೇ ಸಲ ಸಿಡಿಯುತ್ತದೆ, ಬಲಗೈಯಲ್ಲಿ ಉದ್ದ ನಡುಕ. ಅಲ್ಲಿಯವರೆಗೆ ಅವರು ಏನನ್ನು ಹಿಡಿದಿಟ್ಟುಕೊಂಡಿದ್ದರು ಅಂತ ಆಗ ಗೊತ್ತಾಗುತ್ತದೆ. ಮೊದಲೇ ಸುರಿದುಬಿಟ್ಟಿದ್ದರೆ ಆ ಸಿಡಿತಕ್ಕೆ ಬೆಲೆ ಎಲ್ಲಿರುತ್ತಿತ್ತು ಹೇಳಿ.

ಇದನ್ನು ಅವರು ಕಂಡಕ್ಟರ್, ಅಂದರೆ ಮುಂದೆ ನಿಂತು ಆರ್ಕೆಸ್ಟ್ರಾ ನಡೆಸುವವರು, ಇಲ್ಲದೆ ಮಾಡಿದ್ದು ಅನ್ನುವುದೂ ಮುಖ್ಯ. ಮಾಹ್ಲರ್ ಚೇಂಬರ್ ಆರ್ಕೆಸ್ಟ್ರಾ ಜೊತೆ ನುಡಿಸುವಾಗ ಪಿಯಾನೋ ಮುಚ್ಚಳವನ್ನು ಪೂರ್ತಿ ತೆಗೆದುಬಿಡುತ್ತಾರೆ. ವಾದ್ಯದ ಬಾಲ ಆರ್ಕೆಸ್ಟ್ರಾ ಒಳಗೆ ಚಾಚಿರುತ್ತದೆ, ಆನ್ಸ್‌ನೆಸ್ ನಮಗೆ ಬೆನ್ನು ಹಾಕಿ ಅವರ ನಡುವೆ ಕೂರುತ್ತಾರೆ. ಕೈ ಖಾಲಿ ಇದ್ದಾಗ ಕೈಯಲ್ಲಿ, ಇಲ್ಲದಿದ್ದರೆ ತಲೆ ಆಡಿಸಿ, ಉಸಿರಿನಲ್ಲೇ ಸೂಚನೆ ಕೊಡುತ್ತಾರೆ. ಪಿಟೀಲಿನವರು ಅವರ ಮುಖ ನೋಡಿ ನುಡಿಸುತ್ತಾರೆ. ನಮ್ಮ ಕಚೇರಿಯಲ್ಲಿ ಹಾಡುವವರ ಕಡೆ ಪಕ್ಕವಾದ್ಯದವರು ಕಣ್ಣಿಟ್ಟು ಕೂರುತ್ತಾರಲ್ಲ, ನನಗೆ ಅದು ನೆನಪಾಗುತ್ತದೆ.

ತುಂಗಾತೀರ:
ಆ ಬೀಥೋವನ್ ಕೆಲಸದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಅದಕ್ಕೆ ಅವರು ಬೀಥೋವನ್ ಪಯಣ ಅಂತ ಹೆಸರಿಟ್ಟರು. ಐದು ಕನ್ಸರ್ಟೊಗಳು, ಜೊತೆಗೆ ಗಾಯನವೂ ಇರುವ ಕೋರಲ್ ಫ್ಯಾಂಟಸಿ. 2015ಕ್ಕೆ ಮುಗಿದಾಗ 27 ದೇಶಗಳ 108 ಊರುಗಳಲ್ಲಿ 230ಕ್ಕೂ ಹೆಚ್ಚು ಕಚೇರಿ ಆಗಿದ್ದವು. ಎಲ್ಲ ಒಂದೇ ಆರ್ಕೆಸ್ಟ್ರಾ ಜೊತೆ ಅಲ್ಲ, ಒಬ್ಬರೇ ನುಡಿಸಿದ್ದೂ ಸೇರಿ. ಆದರೂ ಯೋಚನೆ ಮಾಡಿ.

ಇದರ ಬೀಜ ಎಲ್ಲಿ ಬಿತ್ತು ಗೊತ್ತಾ? ಬ್ರೆಜಿಲ್ ದೇಶದ ಒಂದು ಹೋಟೆಲ್‌ನ ಲಿಫ್ಟ್‌ನಲ್ಲಿ. ಆ ಲಿಫ್ಟ್‌ನಲ್ಲಿ ಇಡೀ ದಿನ ಬೀಥೋವನ್‌ನ ಮೊದಲ ಕನ್ಸರ್ಟೊಗಳನ್ನೇ ಹಾಕುತ್ತಿದ್ದರಂತೆ. ಹತ್ತಿದಾಗ ಒಂದು ತುಣುಕು, ಇಳಿದಾಗ ಇನ್ನೊಂದು. ಬೇರೆಯವರಿಗೆ ತಲೆ ಕೆಡುತ್ತಿತ್ತು. ಇವರಿಗೆ ಅದು ದಿನ ದಿನಕ್ಕೆ ಹೊಸದಾಗಿ ಕೇಳಿಸಿತು. ಇದನ್ನು ಪೂರ್ತಿ ಕಲಿಯಬೇಕು ಅನಿಸಿತು ಅಂತ ಅವರೇ ಹೇಳಿಕೊಂಡಿದ್ದಾರೆ.

ನನಗೆ ತುಂಬಾ ಹತ್ತಿರವಾದದ್ದು ಅದರ ಜೊತೆಗೇ ನಡೆದ ಇನ್ನೊಂದು ಕೆಲಸ. ಕಿವಿ ಕೇಳಿಸದ ಮಕ್ಕಳನ್ನು ಕರೆಸಿ ಆರ್ಕೆಸ್ಟ್ರಾ ನಡುವೆ ಕೂರಿಸುತ್ತಿದ್ದರು. ಮಕ್ಕಳು ವಾದ್ಯದ ಮೈ ಮುಟ್ಟಿ ಕಂಪನ ಹಿಡಿಯುತ್ತಿದ್ದರು. ಕಿವುಡನಾದ ಬೀಥೋವನ್‌ನ ಸಂಗೀತವನ್ನು ಹೀಗೆ ಮಕ್ಕಳ ಅಂಗೈಗೆ ಕೊಡುವುದು ಎಂಥ ಯೋಚನೆ ಅಲ್ವಾ? ನನ್ನ ತಂಗಿಯ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವಳು ಮನೆಯ ಹಳೇ ರೇಡಿಯೋ ಪೆಟ್ಟಿಗೆಗೆ ಕೆನ್ನೆ ಒತ್ತಿ ಕೂರುತ್ತಿದ್ದಳು. ಆರ್ಕೆಸ್ಟ್ರಾ ನಡುವೆ ಕೂತ ಆ ಮಕ್ಕಳ ವಿಡಿಯೋ ನೋಡುವಾಗ ನನಗೆ ಅವಳೇ ಕಂಡಳು.

ಪಾಠದ ಮನೆ:
ನಾನು ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತೇನೆ, ಇಪ್ಪತ್ತೆರಡು ವರ್ಷ ಆಯಿತು. ಆನ್ಸ್‌ನೆಸ್ ಹೆಸರನ್ನು ನಾನು ಮಕ್ಕಳ ಅಪ್ಪ ಅಮ್ಮಂದಿರಿಗೆ ಹೇಳುವುದು ಬೇರೆ ಕಾರಣಕ್ಕೆ. ಈ ಪಿಯಾನೋ ಲೋಕದಲ್ಲಿ ಮೇಲೆ ಬರಬೇಕಾದರೆ ಸ್ಪರ್ಧೆ ಗೆಲ್ಲಲೇಬೇಕು ಅನ್ನುವ ನಂಬಿಕೆ ಗಟ್ಟಿಯಾಗಿದೆ. ವಾರ್ಸಾ, ಮಾಸ್ಕೋ, ಹೀಗೆ. ಇವರು ಆ ದೊಡ್ಡ ಸ್ಪರ್ಧೆಗಳನ್ನು ಗೆದ್ದು ಬಂದವರಲ್ಲ. 1998ರಲ್ಲಿ ಇವರಿಗೆ ಗಿಲ್ಮೋರ್ ಪ್ರಶಸ್ತಿ ಬಂತು. ಅಮೆರಿಕದ್ದು, ನಾಲ್ಕು ವರ್ಷಕ್ಕೊಮ್ಮೆ ಒಬ್ಬರಿಗೆ. ಅದಕ್ಕೆ ಅರ್ಜಿ ಹಾಕುವ ಹಾಗೇ ಇಲ್ಲ. ಆರಿಸುವವರು ಯಾರಿಗೂ ಹೇಳದೆ ಕಚೇರಿಗೆ ಹೋಗಿ ಸಭಿಕರ ನಡುವೆ ಕೂತು ಕೇಳುತ್ತಾರೆ. ತಮ್ಮನ್ನು ತೂಗುತ್ತಿದ್ದಾರೆ ಅಂತ ನುಡಿಸುವವರಿಗೆ ಗೊತ್ತೇ ಇರುವುದಿಲ್ಲ.

ನಾನು ಹನ್ನೊಂದು ವರ್ಷದವಳಿದ್ದಾಗ ಒಂದು ಸ್ಪರ್ಧೆಯಲ್ಲಿ ನುಡಿಸುತ್ತಿದ್ದೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆದು ನಿಲ್ಲಿಸಿಬಿಟ್ಟರು. ಇಷ್ಟೇ ಸಾಕು, ಮುಂದಿನವರು ಬನ್ನಿ ಅಂದರು. ನಾನು ತುಂಬಾ ಇಷ್ಟಪಟ್ಟಿದ್ದ ಜಾಗ ಮೂರನೇ ಪುಟದಲ್ಲಿತ್ತು. ಆಮೇಲೆ ಎರಡು ವರ್ಷ ನಾನು ಯಾರ ಮುಂದೆಯೂ ನುಡಿಸಲಿಲ್ಲ. ಅದಕ್ಕೇ ನನ್ನ ಪಾಠದ ಮನೆಯಲ್ಲಿ ಮಗು ಶುರು ಮಾಡಿದ್ದನ್ನು ಮುಗಿಸುವವರೆಗೆ ಯಾರೂ ಬಾಯಿ ತೆಗೆಯುವ ಹಾಗಿಲ್ಲ.

ನೇರಮಾತು:
ಮೇಡಂ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಆದರೆ ಒಂದು ವಿಷಯ ಸರಿ ಮಾಡಬೇಕು. 1988ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ನಡೆದ ಯೂರೋವಿಷನ್ ಯುವ ಸಂಗೀತಗಾರರ ಸ್ಪರ್ಧೆಯಲ್ಲಿ ಆನ್ಸ್‌ನೆಸ್ ನಾರ್ವೆ ಪರವಾಗಿ ನುಡಿಸಿದ್ದರು, ಎರಡನೇ ಸ್ಥಾನ ಬಂದಿತ್ತು. ಗೆದ್ದದ್ದು ಆಸ್ಟ್ರಿಯಾದಿಂದ ಬಂದ ಪಿಟೀಲು ವಾದಕ ಜೂಲಿಯನ್ ರಾಖ್ಲಿನ್. ಹಾಗಾಗಿ ಸ್ಪರ್ಧೆಯೇ ಮುಟ್ಟಿಲ್ಲ ಅಂತ ಆಗುವುದಿಲ್ಲ.

ಪಾಠದ ಮನೆ:
ಸರಿ, ಒಪ್ಪಿದೆ. ದೊಡ್ಡ ಪಿಯಾನೋ ಸ್ಪರ್ಧೆಗಳು ಅಂತ ನಾನು ಹೇಳಿದ್ದು. ಆದರೂ ನೀವು ನೆನಪಿಸಿದ್ದು ಒಳ್ಳೆಯದಾಯಿತು. ಎರಡನೇ ಸ್ಥಾನ ಬಂದ ಮಕ್ಕಳಿಗೆ ಇನ್ನು ಮುಂದೆ ಇದನ್ನೂ ಹೇಳುತ್ತೇನೆ.

ಬಿಸಿ ಇಲ್ಲ ಅಂದಿರಲ್ಲ, ನಿಮಗೆ ಎರಡು ಹೇಳುತ್ತೇನೆ, ಕೇಳಿ ನೋಡಿ. ಒಂದು, ರಾಖ್ಮನಿನೋವ್ ಮೂರನೇ ಕನ್ಸರ್ಟೊ, 1995ರಲ್ಲಿ ಓಸ್ಲೋ ಫಿಲ್ಹಾರ್ಮೋನಿಕ್ ಜೊತೆ, ಪಾವೊ ಬೆರ್ಗ್‌ಲುಂಡ್ ನಿರ್ದೇಶನ. ಸಭಿಕರ ಮುಂದೆಯೇ ರೆಕಾರ್ಡ್ ಆದದ್ದು. ಎರಡು, ಸ್ಟ್ರಾವಿನ್ಸ್ಕಿಯ ರೈಟ್ ಆಫ್ ಸ್ಪ್ರಿಂಗ್, ಮಾರ್ಕ್ ಆಂದ್ರೆ ಆಮ್ಲಾಂ ಜೊತೆ ಎರಡು ಪಿಯಾನೋದಲ್ಲಿ, 2018. ಅದರಲ್ಲಿ ಪಿಯಾನೋ ತಮಟೆಯೇ ಆಗಿಬಿಡುತ್ತದೆ.

ಅರಮನೆ ರಸ್ತೆ:
ರಾಖ್ಮನಿನೋವ್ ಮಾತು ಬಂತು, ನಾನು ಮೈಸೂರಿನವನು, ಇದನ್ನು ಹೇಳದೆ ಇರಲಾರೆ. ಆನ್ಸ್‌ನೆಸ್ ಅವರು ಆಂಟೋನಿಯೋ ಪಪ್ಪಾನೋ ಜೊತೆ ರಾಖ್ಮನಿನೋವ್‌ನ ನಾಲ್ಕೂ ಕನ್ಸರ್ಟೊ ಮುಗಿಸಿದ್ದಾರೆ. ಮೊದಲ ಎರಡು ಬರ್ಲಿನ್ ಫಿಲ್ಹಾರ್ಮೋನಿಕ್, ಉಳಿದೆರಡು ಲಂಡನ್ ಸಿಂಫನಿ. ನಾಲ್ಕನೆಯದನ್ನು ರಾಖ್ಮನಿನೋವ್ ತನ್ನ ಗೆಳೆಯ ನಿಕೊಲಾಯ್ ಮೆಟ್ನರ್‌ಗೆ ಅರ್ಪಿಸಿದ್ದ. ಮೆಟ್ನರ್ ಕೊನೆಗಾಲದಲ್ಲಿ ಲಂಡನ್‌ನಲ್ಲಿ ಕಾಯಿಲೆ, ಕಷ್ಟ ಎರಡರಲ್ಲೂ ಇದ್ದಾಗ ಅವನ ಸಂಗೀತ ರೆಕಾರ್ಡ್ ಆಗಲಿ ಅಂತ ದುಡ್ಡು ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್. ಅವರು ಸ್ವತಃ ಪಿಯಾನೋ ಕಲಿತವರು. ಮೆಟ್ನರ್ ತನ್ನ ಮೂರನೇ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ.

ಆನ್ಸ್‌ನೆಸ್‌ಗೂ ಮೈಸೂರಿಗೂ ನೇರ ನಂಟು ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಅವರು ಆ ನಾಲ್ಕನೇ ಕನ್ಸರ್ಟೊ ನುಡಿಸುವಾಗ ನನಗೆ ನಮ್ಮ ಅರಮನೆ ಕಣ್ಣ ಮುಂದೆ ಬರುತ್ತದೆ, ಅಷ್ಟೇ.

ಬೆರ್ಗೆನ್ ಮಳೆ:
ಅರಮನೆ ರಸ್ತೆಯವರೇ, ಇದು ನನಗೆ ಗೊತ್ತೇ ಇರಲಿಲ್ಲ! ಇವತ್ತು ಸಂಜೆ ಅದನ್ನೇ ಹಾಕುತ್ತೇನೆ.

ಉತ್ಸವಗಳ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನಾರ್ವೆಯ ದಕ್ಷಿಣ ಕರಾವಳಿಯಲ್ಲಿ ರಿಸೋರ್ ಅಂತ ಒಂದು ಪುಟ್ಟ ಊರು, ಬಿಳಿ ಬಣ್ಣದ ಮರದ ಮನೆಗಳು, ಒಂದು ಮರದ ಚರ್ಚ್. 1991ರಲ್ಲಿ ಅಲ್ಲಿ ಚೇಂಬರ್ ಸಂಗೀತದ ಉತ್ಸವ ಶುರುವಾಯಿತು. ಮೂರು ನಾಲ್ಕು ಜನ ಹತ್ತಿರ ಹತ್ತಿರ ಕೂತು ನುಡಿಸುವ ಸಂಗೀತ ಅದು. ವಿಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡ ವಾದ್ಯ) ವಾದಕ ಲಾರ್ಸ್ ಆಂಡೆರ್ಸ್ ಟೊಮ್ಟೆರ್ ಜೊತೆ ಸೇರಿ ಆನ್ಸ್‌ನೆಸ್ 2010ರವರೆಗೆ ಅದನ್ನು ನಡೆಸಿದರು. ಲಂಡನ್, ನ್ಯೂಯಾರ್ಕ್ ಕಚೇರಿಗಳ ನಡುವೆ ಪ್ರತಿ ಬೇಸಿಗೆ ಆ ಊರಿಗೆ ಬರುವುದು, ಗೆಳೆಯರನ್ನು ಕರೆಸುವುದು.

ಅದು ಬಿಟ್ಟ ಮೇಲೆ 2016ರಲ್ಲಿ ಇನ್ನೊಂದನ್ನು ತಾವೇ ಹುಟ್ಟುಹಾಕಿದರು, ರೂಸೆನ್‌ಡಾಲ್‌ನಲ್ಲಿ. ಬೆರ್ಗೆನ್‌ನಿಂದ ದೋಣಿಯಲ್ಲಿ ಹೋಗಬಹುದು. ನಾನು ಹೋದದ್ದು ಆಗಸ್ಟ್‌ನಲ್ಲಿ. ಫ್ಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳಗೆ ಚಾಚಿದ ಕಡಲಿನ ನೀರು, ಹಿಂದೆ ಗೋಡೆ ಕಟ್ಟಿದ ಹಾಗೆ ಬೆಟ್ಟ. ನಡುವೆ 1665ರ ಹಳೇ ಜಮೀನುದಾರರ ಬಂಗಲೆ, ಗುಲಾಬಿ ತೋಟ. ಹತ್ತಿರದ ಹಳೇ ಕಲ್ಲಿನ ಚರ್ಚ್‌ನಲ್ಲೂ ಕಚೇರಿ ಇರುತ್ತದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೂತಿದ್ದೆ, ರಾತ್ರಿ ವೇದಿಕೆ ಮೇಲೆ ಇದ್ದವರು ಪಕ್ಕದ ಮೇಜಿನಲ್ಲಿ ಬ್ರೆಡ್ ತಿನ್ನುತ್ತಾ ಯಾವುದೋ ಒಂದು ಸಾಲಿನ ವೇಗದ ಬಗ್ಗೆ ವಾದ ಮಾಡುತ್ತಿದ್ದರು. ಒಬ್ಬರು ಬೆರಳಲ್ಲಿ ಮೇಜು ಕುಟ್ಟಿ ತಾಳ ತೋರಿಸಿದರು, ಇನ್ನೊಬ್ಬರು ತಲೆ ಅಲ್ಲಾಡಿಸಿದರು. ಸಂಜೆ ಕಚೇರಿಯಲ್ಲಿ ಆ ಸಾಲು ಬಂದೀತು ಅಂತ ಕಾದು ಕೂತಿದ್ದೆ. ಯಾರ ವೇಗ ಗೆದ್ದಿತೋ ನನಗೆ ತಿಳಿಯಲಿಲ್ಲ.

ತುಂಗಾತೀರ:
ಹೊಸಬರಿಗೆ ಇನ್ನೊಂದು ಹೆಸರು ಹೇಳಬೇಕು, ಸಂಗೀತ ಬರೆದ ಗೈರ್ ಟ್ವೈಟ್. ಇವನೂ ಪಶ್ಚಿಮ ನಾರ್ವೆಯವನೇ, ಹಾರ್ಡಾಂಗರ್ ಕಡೆಯವನು. 1970ರಲ್ಲಿ, ಅಂದರೆ ಆನ್ಸ್‌ನೆಸ್ ಹುಟ್ಟಿದ ವರ್ಷವೇ, ಅವನ ಹಳ್ಳಿ ಮನೆಗೆ ಬೆಂಕಿ ಬಿತ್ತು. ಜೀವಮಾನವಿಡೀ ಕೈಯಲ್ಲಿ ಬರೆದಿಟ್ಟ ಸಂಗೀತ ಬಹುಪಾಲು ಸುಟ್ಟು ಬೂದಿಯಾಯಿತು. ಪಿಯಾನೋ ಸೊನಾಟಾಗಳಲ್ಲಿ ಕೈಗೆ ಸಿಗುವುದು ಇಪ್ಪತ್ತೊಂಬತ್ತನೆಯದು. ಅದರ ಹಿಂದಿನವು ಎಲ್ಲಿ ಅಂತ ಕೇಳಿದರೆ ಉತ್ತರ ಆ ಬೆಂಕಿಯಲ್ಲಿದೆ. ಆನ್ಸ್‌ನೆಸ್ ಆ ಸೊನಾಟಾವನ್ನು ಈಚೆಗೆ ಗ್ರೀಗ್, ಶೋಪಾನ್ ಜೊತೆ ಇಟ್ಟು ದೇಶ ದೇಶಗಳ ದೊಡ್ಡ ಸಭಾಂಗಣಗಳಲ್ಲಿ ನುಡಿಸಿದ್ದಾರೆ. ಅರ್ಧ ಗಂಟೆಗೂ ಮೀರಿದ್ದು, ಸುಲಭದ್ದಲ್ಲ. ಟಿಕೆಟ್ ತೆಗೆದುಕೊಂಡು ಬಂದವರಲ್ಲಿ ಮುಕ್ಕಾಲು ಪಾಲು ಜನ ಆ ಹೆಸರು ಕೇಳಿರುವುದಿಲ್ಲ ಅಂತ ಗೊತ್ತಿದ್ದೂ ನುಡಿಸುತ್ತಾರೆ. ಅದೇ ಹಟದಲ್ಲಿ 2022ರಲ್ಲಿ ದ್ವೋರ್ಜಾಕ್‌ನ ಚಿತ್ರ ಬಿಡಿಸಿದಂಥ ಹದಿಮೂರು ಪಿಯಾನೋ ರಚನೆಗಳ ಪೂರ್ತಿ ಗುಚ್ಛ ಹೊರತಂದರು. ಪಿಯಾನೋ ವಾದಕರು ಅದನ್ನು ಮುಟ್ಟುವುದೇ ಅಪರೂಪ. 2017ರಲ್ಲಿ ಸಿಬೆಲಿಯುಸ್‌ನ ಪಿಯಾನೋ ರಚನೆಗಳನ್ನೂ ಹೀಗೇ ಎತ್ತಿಕೊಂಡಿದ್ದರು.

ನೇರಮಾತು:
ಪಾಠದ ಮನೆ ಮೇಡಂ ಹೇಳಿದ ಎರಡನ್ನೂ ಕೇಳಿದೆ. ಓಸ್ಲೋದ ರಾಖ್ಮನಿನೋವ್ ಬಗ್ಗೆ ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಮೂರನೇ ಭಾಗದ ಕೊನೆಯ ಎರಡು ನಿಮಿಷದಲ್ಲಿ ನಾನು ಎದ್ದು ನಿಂತುಬಿಟ್ಟಿದ್ದೆ. ರೈಟ್ ಆಫ್ ಸ್ಪ್ರಿಂಗ್‌ನಲ್ಲಿ ಯಾರು ಆನ್ಸ್‌ನೆಸ್ ಯಾರು ಆಮ್ಲಾಂ ಅಂತ ಬಿಡಿಸಲು ಆಗಲಿಲ್ಲ, ಆ ಮಟ್ಟಕ್ಕೆ ಒಂದಾಗಿದೆ. ಶೋಪಾನ್ ಬಲಾಡ್ ಮೂರನೇ ಸಲ ಕೇಳಿದೆ. ಅದು ಇನ್ನೂ ನನ್ನ ಒಳಗೆ ಇಳಿದಿಲ್ಲ, ಸುಳ್ಳು ಹೇಳಲಾರೆ. ಕೇಳುಕಿವಿ ಸರ್ ಬರೆದ ಆ ಬೀಥೋವನ್ ಐದು ನಿಮಿಷವನ್ನು ಮಾತ್ರ ನಿನ್ನೆಯಿಂದ ಏಳೆಂಟು ಸಲ ಹಾಕಿದ್ದೇನೆ.

ಹೊಸಬ24:
ಎಲ್ಲರಿಗೂ ಧನ್ಯವಾದ. ಗ್ರೀಗ್ ಕನ್ಸರ್ಟೊ ಎರಡೂ ಕೇಳಿದೆ, ಇಷ್ಟ ಆಯಿತು. ಆದರೆ ಬೆರ್ಗೆನ್ ಅಕ್ಕ ಬರೆದದ್ದನ್ನು ಓದಿ ಆ ಮನೆಯಲ್ಲಿ ನುಡಿಸಿದ ಚಿಕ್ಕ ಚಿಕ್ಕ ರಚನೆಗಳನ್ನು ಹಾಕಿದೆ, ಅದೇ ನನಗೆ ಜಾಸ್ತಿ ಹಿಡಿಸಿತು. ಬೆಳಿಗ್ಗೆ ಐದೂವರೆಗೆ ಕೆಲಸ ಮುಗಿಸಿ ಬಸ್ಸಿನಲ್ಲಿ ಕೂತು ಕೇಳಿದೆ. ಒಂದು ಅನುಮಾನ. ಅರಿಯೆಟ್ಟಾ ಅಂತ ಒಂದಿದೆ, ಒಂದೂವರೆ ನಿಮಿಷ ಇರಬಹುದು. ಆಮೇಲೆ ನೆನಪುಗಳು ಅನ್ನುವ ಅರ್ಥದ ಹೆಸರಿನ ಇನ್ನೊಂದು ಬಂತು. ಅದು ಶುರುವಾದ ತಕ್ಷಣ ಇದನ್ನು ಎಲ್ಲೋ ಕೇಳಿದ್ದೇನಲ್ಲ ಅನಿಸಿತು. ಅದೇ ಧಾಟಿನಾ, ಇಲ್ಲ ನನಗೆ ನಿದ್ದೆಗಣ್ಣಾ?

ಪಾಠದ ಮನೆ:
ನಿದ್ದೆಗಣ್ಣಲ್ಲ ಕಣಪ್ಪ, ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಅದೇ ಧಾಟಿ. ಗ್ರೀಗ್ ಈ ಲಿರಿಕ್ ಪೀಸಸ್ ಅನ್ನು ಹತ್ತು ಪುಸ್ತಕದಲ್ಲಿ ಬರೆದ, ಒಟ್ಟು 66. ಅರಿಯೆಟ್ಟಾ ಮೊದಲನೇ ಪುಸ್ತಕದ ಮೊದಲನೆಯದು, 1867ರದ್ದು. ನೀವು ಆಮೇಲೆ ಕೇಳಿದ್ದು ಹತ್ತನೇ ಪುಸ್ತಕದ ಕಟ್ಟಕಡೆಯದು, 1901. ಮೂವತ್ತನಾಲ್ಕು ವರ್ಷ ಆದ ಮೇಲೆ ಅದೇ ಧಾಟಿಗೆ ವಾಪಸ್ ಬಂದಿದ್ದಾನೆ. ಮೊದಲಲ್ಲಿ ಎರಡೆರಡು ಎಣಿಕೆ. ಕೊನೆಯಲ್ಲಿ ಮೂರು ಮೂರು, ಅಂದರೆ ವಾಲ್ಟ್ಸ್ ಅನ್ನುವ ಕುಣಿತದ ನಡೆ. ಬೆರಳಲ್ಲಿ ಎಣಿಸಿಕೊಂಡು ಇನ್ನೊಂದು ಸಲ ಕೇಳಿ, ಆನ್ಸ್‌ನೆಸ್ ಆ ಕೊನೆಯದರಲ್ಲಿ ಧಾಟಿಯನ್ನು ಒತ್ತಿ ತೋರಿಸುವುದೇ ಇಲ್ಲ. ನಮಗೇ ಹೊಳೆಯಲಿ ಅಂತ ಬಿಟ್ಟಿದ್ದಾರೆ.

ಹೊಸಬ24:
ಈಗ ಎರಡನ್ನೂ ಒಂದರ ಹಿಂದೆ ಒಂದು ಹಾಕಿಕೊಂಡಿದ್ದೇನೆ ಮೇಡಂ. ಎರಡು ಎಣಿಸಿದೆ, ಮೂರು ಎಣಿಸಿದೆ, ಸರಿಯಾಗಿ ಕೂರುತ್ತಿದೆ. ಪಾಳಿ ಶುರುವಾಗಲು ಇನ್ನೂ ನಲವತ್ತು ನಿಮಿಷ ಇದೆ. ಉಳಿದದ್ದನ್ನೂ ಕೇಳಿ ಹೋಗುತ್ತೇನೆ.